ಬೇಡಿಕೆ ಕುಗ್ಗಿದ ಕಾಲದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಮನೆಗೆ ಬಡಾವಣೆ ಆರಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಮನೆಗಳ ಬೆಲೆ ಏರುತ್ತಿರುವಾಗ ಬಡಾವಣೆಯ ಆಯ್ಕೆಯಲ್ಲಾದ ತಪ್ಪನ್ನು ಆ ಏರಿಕೆಯೇ ಮುಚ್ಚಿಬಿಡುತ್ತದೆ. ನೀರಿಗೆ ತತ್ವಾರವಿರುವ, ಮಳೆ ಬಂದರೆ ದಾರಿ ಕಾಣದ ಜಾಗದ ಮನೆಗೂ ನಾಲ್ಕಾರು ವರ್ಷಗಳಲ್ಲಿ ಹೆಚ್ಚು ಕೊಡುವ ಗಿರಾಕಿ ಸಿಕ್ಕಿಬಿಡುತ್ತಾರೆ. ಬೇಡಿಕೆ ಕುಗ್ಗಿದಾಗ ಹಾಗಾಗುವುದಿಲ್ಲ. ಕೊಂಡ ಮನೆಯಲ್ಲಿ ನಾವೇ ಬಾಳಬೇಕು, ಬಾಳಲಾಗದಿದ್ದರೆ ಬಾಡಿಗೆಗಾದರೂ ಕೊಡಲು ಬರುವಂತಿರಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಗುವ ಮುನ್ನ, ಅದು ಬರುತ್ತದೆ ಎಂಬ ಮಾತಿನ ಬಲದ ಮೇಲೆಯೇ ನನ್ನ ಸೋದರಮಾವ ಆ ದಿಕ್ಕಿನಲ್ಲಿ ಸೈಟು ಕೊಂಡಿದ್ದರು. ವಿಮಾನ ನಿಲ್ದಾಣ ಬಂತು, ಅದೇ ವರ್ಷ ಜಾಗತಿಕ ಹಣಕಾಸು ಬಿಕ್ಕಟ್ಟೂ ಬಂತು. ಮಗಳ ಓದಿಗೆ ಹಣ ಬೇಕಾದಾಗ ಆ ಸೈಟನ್ನು ಕೇಳುವವರೇ ಇರಲಿಲ್ಲ. ಮುಂದೊಂದು ದಿನ ಆ ಸೈಟಿಗೆ ಒಳ್ಳೆಯ ಬೆಲೆ ಬಂದದ್ದು ನಿಜ, ಆದರೆ ಆಗ ಮಗಳ ಓದು ಮುಗಿದಿತ್ತು.

ಅಂದಿನಿಂದ ನಾನು ಯಾರಿಗೆ ಸಲಹೆ ಕೊಟ್ಟರೂ ಒಂದು ಮಾತನ್ನು ಮೊದಲು ಹೇಳುತ್ತೇನೆ: ಮಾರುಕಟ್ಟೆ ಸೊರಗಿರುವಾಗ "ಆಗಿದೆ" ಎನ್ನುವುದಕ್ಕೆ ಮಾತ್ರ ಹಣ ಕೊಡಿ, "ಆಗುತ್ತದೆ" ಎನ್ನುವುದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡನ್ನು ಬೇರ್ಪಡಿಸುವ ದಾರಿಗಳು.

ಮೊದಲ ಹೆಜ್ಜೆ: ಮಾರುಕಟ್ಟೆ ಎಲ್ಲಿ ಸೊರಗಿದೆ ಎಂದು ನೋಡಿಕೊಳ್ಳಿ

ಇಡೀ ಬೆಂಗಳೂರಿನ ಮಾರುಕಟ್ಟೆ ಒಂದೇ ಸಲ, ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಒಂದು ರಸ್ತೆಯಲ್ಲಿ ಮೂರು ಕೋಣೆಯ ಫ್ಲ್ಯಾಟುಗಳು ಮಾರಾಟವಾಗದೆ ನಿಂತಿರುವಾಗಲೇ ಎರಡು ಕಿಲೋಮೀಟರ್ ಆಚೆಯ ಹಳೆಯ ಬಡಾವಣೆಯಲ್ಲಿ ಸ್ವತಂತ್ರ ಮನೆಗಳಿಗೆ ಬೇಡಿಕೆ ಇರಬಹುದು. ಆದ್ದರಿಂದ ಪತ್ರಿಕೆಯ ತಲೆಬರಹಗಳಿಗಿಂತ ಸ್ಥಳದಲ್ಲಿ ಕಾಣುವ ಗುರುತುಗಳನ್ನು ನಂಬುವುದು ಒಳ್ಳೆಯದು. ಒಂದೇ ಮನೆಯ ಜಾಹೀರಾತು ತಿಂಗಳುಗಟ್ಟಲೆ ತೆಗೆಯದೆ ಉಳಿದಿದ್ದರೆ, ಬಿಲ್ಡರುಗಳು ದರ ಇಳಿಸದೆ ನೋಂದಣಿ ಖರ್ಚು, ಅಡುಗೆಮನೆಯ ಕಪಾಟು, ಕಾರು ನಿಲುಗಡೆ ಎಂದು ಬಗೆಬಗೆಯ ಕೊಡುಗೆ ಮುಂದಿಡುತ್ತಿದ್ದರೆ, ಮನೆ ಕೈಗೆ ಬರುವವರೆಗೆ ಕಂತು ಕಟ್ಟಬೇಕಿಲ್ಲ ಎಂಬ ಯೋಜನೆಗಳು ಹೆಚ್ಚಿದ್ದರೆ ಅಲ್ಲಿ ಬೇಡಿಕೆ ಕುಗ್ಗಿದೆ ಎಂದು ತಿಳಿಯಬಹುದು. ರಾತ್ರಿ ಎಂಟು ಗಂಟೆಗೆ ಎರಡು ವರ್ಷ ಹಳೆಯ ಅಪಾರ್ಟ್‌ಮೆಂಟಿನ ಮುಂದೆ ನಿಂತು ಎಷ್ಟು ಕಿಟಕಿಗಳಲ್ಲಿ ಬೆಳಕಿದೆ ಎಂದು ಎಣಿಸಿ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಪ್ರಕಾರ ಬಿಲ್ಡರುಗಳು ಎಷ್ಟು ಮನೆಗಳು ಬುಕ್ ಆಗಿವೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ಜಾಲತಾಣದಲ್ಲಿ ಹಾಕಬೇಕು. ಒಂದೇ ರಸ್ತೆಯ ಐದಾರು ಯೋಜನೆಗಳ ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡರೆ, ಮಾರಾಟವಾಗದೆ ಉಳಿದದ್ದೆಷ್ಟು ಎಂಬ ಚಿತ್ರ ಒಂದು ಸಂಜೆಯಲ್ಲಿ ಸಿಗುತ್ತದೆ.

ಎರಡನೆಯ ಹೆಜ್ಜೆ: ಕಂತಿನ ಪಕ್ಕದಲ್ಲಿ ಬಾಡಿಗೆಯನ್ನು ಬರೆದುಕೊಳ್ಳಿ

ಬಡಾವಣೆಯ ಆಯ್ಕೆಗೂ ಹಣದ ಲೆಕ್ಕಕ್ಕೂ ಹತ್ತಿರದ ನಂಟಿದೆ. 90 ಲಕ್ಷ ರೂಪಾಯಿಯ, ಇನ್ನೂ ಕಟ್ಟುತ್ತಿರುವ ಫ್ಲ್ಯಾಟೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 80ನ್ನು ಮೀರುವಂತಿಲ್ಲ. 70 ಲಕ್ಷ ಸಾಲ ಸಿಕ್ಕಿತು ಎಂದುಕೊಂಡರೆ ಕೈಯಿಂದ 20 ಲಕ್ಷ ಹಾಕಬೇಕು. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಇವೆರಡೂ ಸೇರಿ ಸುಮಾರು 6.84 ಲಕ್ಷ. ಕಟ್ಟುತ್ತಿರುವ ಮನೆಯಾದ್ದರಿಂದ ಶೇ 5ರ ಜಿಎಸ್‌ಟಿ 4.5 ಲಕ್ಷ. ಅಂದರೆ ಗೃಹಪ್ರವೇಶದ ಖರ್ಚಿಗೂ ಮೊದಲೇ 31 ಲಕ್ಷಕ್ಕಿಂತ ಹೆಚ್ಚು ಸ್ವಂತ ಹಣ ಬೇಕು. 70 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 60,750 ರೂಪಾಯಿ.

ಈಗ ಅದೇ ಬಡಾವಣೆಯಲ್ಲಿ ಅಂಥ ಮನೆಗೆ 25,000 ರೂಪಾಯಿ ಬಾಡಿಗೆ ಇದೆ ಎಂದುಕೊಳ್ಳಿ. ಕೆಲಸ ಹೋದರೆ, ಇಲ್ಲವೇ ಬೇರೆ ಊರಿಗೆ ವರ್ಗವಾದರೆ, ಮನೆ ಬಾಡಿಗೆಗೆ ಕೊಟ್ಟ ಮೇಲೂ ತಿಂಗಳಿಗೆ 36,000 ರೂಪಾಯಿಯಷ್ಟು ಕೊರತೆ ಬೀಳುತ್ತದೆ. ಇದನ್ನು ಒಂದು ವರ್ಷ ತಾಳಿಕೊಳ್ಳುವಷ್ಟು ಉಳಿತಾಯ ಇದೆಯೇ? ಇಲ್ಲವಾದರೆ ಬಾಡಿಗೆ ಚೆನ್ನಾಗಿ ಬರುವ, ಬೆಲೆ ಸ್ವಲ್ಪ ಕಡಿಮೆಯಿರುವ ಬಡಾವಣೆಗೆ ಹೊರಳಬೇಕು. ಬೆಲೆ ಜನರ ನಿರೀಕ್ಷೆಯನ್ನು ಹೇಳುತ್ತದೆ. ಬಾಡಿಗೆ ಮಾತ್ರ ಇಂದು ಅಲ್ಲಿ ಬದುಕಲು ಜನ ಎಷ್ಟು ಕೊಡಲು ಸಿದ್ಧರಿದ್ದಾರೆ ಎಂಬುದನ್ನು ಹೇಳುತ್ತದೆ. ಆದ್ದರಿಂದ ದಲ್ಲಾಳಿ ಹೇಳಿದ ಬಾಡಿಗೆಯನ್ನು ನೆಚ್ಚದೆ, ಆ ಬೀದಿಗಳಲ್ಲಿ ತೂಗುವ "ಮನೆ ಬಾಡಿಗೆಗೆ ಇದೆ" ಫಲಕಗಳ ಸಂಖ್ಯೆಗೆ ನೀವೇ ಕರೆ ಮಾಡಿ, ಮೂರು ವಾರದ ಬಳಿಕ ಅದೇ ಬೀದಿಗೆ ಹೋಗಿ ಯಾವ ಫಲಕಗಳು ಇಳಿದಿವೆ ಎಂದು ನೋಡಿ.

ಮೂರನೆಯ ಹೆಜ್ಜೆ: ದಾರಿ ಮತ್ತು ದುಡಿಮೆ

ಹೊರವಲಯದ ಜಾಹೀರಾತುಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಮಾತು "ಮೆಟ್ರೊ ಬರುತ್ತದೆ" ಎಂಬುದು. ಬರುವುದೇನೋ ನಿಜ, ಆದರೆ ಯಾವಾಗ? ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗಿನ ಭಾಗ 2023ರ ಮಾರ್ಚ್‌ನಲ್ಲಿ ತೆರೆಯಿತು, ಆದರೆ ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿ ನಡುವಿನ ಎರಡು ಕಿಲೋಮೀಟರ್ ಆಸುಪಾಸಿನ ಕೊಂಡಿ ಕೂಡಿಕೊಂಡದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ನಗರಕ್ಕೆ ಹೋಗುವವರು ನಡುವೆ ಇಳಿದು ಬಸ್ಸು ಹಿಡಿಯಬೇಕಾಗಿತ್ತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರ್‌ನ ಹಳದಿ ಮಾರ್ಗದಲ್ಲಿ ಕಂಬ, ಹಳಿ, ನಿಲ್ದಾಣಗಳು ಸಿದ್ಧವಾದ ಮೇಲೂ ರೈಲುಗಾಡಿಗಳು ಬರುವುದು ತಡವಾಗಿ, ಹಲವು ಗಡುವು ದಾಟಿ 2025ರ ಆಗಸ್ಟ್‌ನಲ್ಲಿ ಸಂಚಾರ ಆರಂಭವಾಯಿತು. ಹೊರವರ್ತುಲ ರಸ್ತೆಯ ಆಚೆಗೆ ಸುಮಾರು 73 ಕಿಲೋಮೀಟರ್‌ನ ಪೆರಿಫೆರಲ್ ರಿಂಗ್ ರಸ್ತೆಯ ಯೋಜನೆಯಂತೂ 2000ದ ದಶಕದಿಂದ ಕಾಗದದ ಮೇಲಿದೆ. ಅದರ ಹೆಸರು ಬದಲಾದರೂ ಆ ಹಾದಿಯಲ್ಲಿ ಜಮೀನು ಸಿಕ್ಕಿಕೊಂಡವರು ಎರಡು ದಶಕ ಕಾದಿದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ಬಳಿಕ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ರೈತರ ಪಾಲಿಗೆ ಅದು ನ್ಯಾಯ; ಆದರೆ ಅಲ್ಲಿ ಕೈಗಾರಿಕೆ ಬರುತ್ತದೆಂದು ಲೆಕ್ಕ ಹಾಕಿ ಪಕ್ಕದಲ್ಲಿ ಸೈಟು ಕೊಳ್ಳುವವರು, ಘೋಷಣೆಯಾದದ್ದೆಲ್ಲ ನೆಲಕ್ಕೆ ಇಳಿಯುವುದಿಲ್ಲ ಎಂಬುದನ್ನು ಇದರಿಂದ ತಿಳಿಯಬೇಕು.

ಹೀಗಾಗಿ ಇಂದು ಓಡುತ್ತಿರುವ ರೈಲು, ಇಂದು ಇರುವ ಬಿಎಂಟಿಸಿ ಬಸ್ಸು, ಇಂದು ಇರುವ ರಸ್ತೆ, ಇಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಾದಾವರ, ಚಲ್ಲಘಟ್ಟ, ಕಾಡುಗೋಡಿ, ಬೊಮ್ಮಸಂದ್ರದಂತಹ ನಿಲ್ದಾಣಗಳಿಂದ ಮನೆಗೆ ಎಷ್ಟು ದೂರ ಎನ್ನುವುದಕ್ಕಿಂತ, ರಾತ್ರಿ ಒಂಬತ್ತೂವರೆಗೆ ಅಲ್ಲಿಂದ ಮನೆಗೆ ಹೇಗೆ ಬರುತ್ತೀರಿ ಎಂಬುದು ಮುಖ್ಯ. ನಡೆಯಲು ಕಾಲುದಾರಿ, ದೀಪ, ಸರಾಗವಾಗಿ ಸಿಗುವ ಆಟೊ ಇಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ಕೂಡ ದೂರವೇ. ಕೆಲಸದ ದಿನವೊಂದರಲ್ಲಿ, ಸೋಮವಾರವಾದರೆ ಇನ್ನೂ ಒಳ್ಳೆಯದು, ಬೆಳಿಗ್ಗೆ ಎಂಟೂವರೆಗೆ ಆ ಬಡಾವಣೆಯಿಂದ ಹೊರಟು ನಿಮ್ಮ ಕಚೇರಿಯನ್ನು ತಲುಪಿ, ಸಂಜೆ ಮರಳಿ. ದಂಪತಿ ಇಬ್ಬರೂ ದುಡಿಯುವವರಾದರೆ ಇಬ್ಬರೂ ಬೇರೆ ಬೇರೆಯಾಗಿ ಈ ಪ್ರಯಾಣ ಮಾಡಿ ನೋಡಬೇಕು.

ದುಡಿಮೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಒಂದೇ ಐಟಿ ಪಾರ್ಕಿನ ನೆರಳಲ್ಲಿ ಬೆಳೆದ ಬಡಾವಣೆಯ ಬಾಡಿಗೆ ಆ ಪಾರ್ಕಿನ ಏಳುಬೀಳಿಗೆ ಕಟ್ಟಿಬಿದ್ದಿರುತ್ತದೆ. 2020ರಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಹೊರವರ್ತುಲ ರಸ್ತೆಯ ಅಕ್ಕಪಕ್ಕದ ಪಿಜಿಗಳೂ ಸಣ್ಣ ಫ್ಲ್ಯಾಟುಗಳೂ ಖಾಲಿಯಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಕಾರ್ಖಾನೆ, ಆಸ್ಪತ್ರೆ, ಕಾಲೇಜು, ಸಾಫ್ಟ್‌ವೇರ್ ಹೀಗೆ ಹಲವು ಬಗೆಯ ದುಡಿಮೆ ಸೇರಿರುವ ದಿಕ್ಕುಗಳು ಇಂತಹ ಹೊಡೆತವನ್ನು ಹೆಚ್ಚು ತಾಳಿಕೊಳ್ಳುತ್ತವೆ. ಬೊಮ್ಮಸಂದ್ರ, ಜಿಗಣಿ ಕೈಗಾರಿಕಾ ಪ್ರದೇಶವೂ ಎಲೆಕ್ಟ್ರಾನಿಕ್ ಸಿಟಿಯೂ ಕೈಗೆಟಕುವಷ್ಟರಲ್ಲಿರುವ ಹೊಸೂರು ರಸ್ತೆಯನ್ನು, ಪೀಣ್ಯದ ಕೈಗಾರಿಕೆಗಳಿಗೂ ಮೆಟ್ರೊಗೂ ಹತ್ತಿರವಿರುವ ತುಮಕೂರು ರಸ್ತೆಯನ್ನು ಈ ಕಾರಣಕ್ಕೆ ನಾನು ಮೇಲೆ ಇಡುತ್ತೇನೆ, ಅವು ನೋಡಲು ಅಷ್ಟು ಅಂದವಾಗಿಲ್ಲದಿದ್ದರೂ.

ನಾಲ್ಕನೆಯ ಹೆಜ್ಜೆ: ನೀರು

ಬೆಂಗಳೂರಿನ ಹೊರವಲಯದಲ್ಲಿ ಬಡಾವಣೆ ಆರಿಸುವವರು ಬೇರೆಲ್ಲದರಲ್ಲಿ ರಾಜಿಯಾದರೂ ಇದರಲ್ಲಿ ಆಗಬಾರದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ದರವನ್ನು ಸರ್ಕಾರವೇ ನಿಗದಿ ಮಾಡಬೇಕಾಗಿ ಬಂತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 775 ದಶಲಕ್ಷ ಲೀಟರ್ ನೀರು ಹೆಚ್ಚುವರಿಯಾಗಿ ದೊರೆಯುವ ವ್ಯವಸ್ಥೆಯಾಯಿತು. ಇದು 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಯೋಜನೆ. ಆದ್ದರಿಂದ ನೀವು ನೋಡುತ್ತಿರುವ ಜಾಗ ಆ 110 ಹಳ್ಳಿಗಳಲ್ಲಿ ಸೇರಿದೆಯೇ, ಅದರಾಚೆ ಇದೆಯೇ ಎಂಬುದು ಮೊದಲ ಪ್ರಶ್ನೆ. ಸರ್ಜಾಪುರ, ಚಂದಾಪುರ, ಹೊಸಕೋಟೆ ಮುಂತಾದವು ಆಚೆಗಿರುವ ಊರುಗಳು. ಒಳಗಿದ್ದರೂ ಬೀದಿಯಲ್ಲಿ ಕೊಳವೆ ಹಾದಿರುವುದು ಬೇರೆ, ಆ ಕಟ್ಟಡಕ್ಕೆ ಸಂಪರ್ಕ ಇರುವುದು ಬೇರೆ, ನಲ್ಲಿಯಲ್ಲಿ ನೀರು ಬರುವುದು ಬೇರೆ. ಜಲಮಂಡಳಿಯ ಕಳೆದ ಮೂರು ತಿಂಗಳ ಬಿಲ್ಲನ್ನು ತೋರಿಸಲು ಕೇಳಿ. ಬಿಲ್ಲಿನಲ್ಲಿ ಬಳಕೆಯ ಪ್ರಮಾಣವೇ ಇಲ್ಲದಿದ್ದರೆ ಕೊಳವೆ ಇರುವುದು ಹೆಸರಿಗೆ ಮಾತ್ರ.

ಅಪಾರ್ಟ್‌ಮೆಂಟ್ ಆದರೆ ಈ ಲೆಕ್ಕ ಮಾಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರ ನೀರು ಪೂರೈಕೆಯ ಸಾಮಾನ್ಯ ಮಾನದಂಡ. 100 ಮನೆ, ಮನೆಗೆ ನಾಲ್ವರು ಎಂದರೆ ದಿನಕ್ಕೆ 54,000 ಲೀಟರ್; 12,000 ಲೀಟರ್‌ನ ಟ್ಯಾಂಕರುಗಳಲ್ಲಿ ನಾಲ್ಕೂವರೆ. ಕಳೆದ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದರು ಎಂಬುದು ನಿವಾಸಿಗಳ ಸಂಘದ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಕೊಳವೆಬಾವಿಗಳು ಎಷ್ಟು, ಎಷ್ಟು ಅಡಿ ಆಳ, ಅವುಗಳಲ್ಲಿ ಬತ್ತಿದ್ದೆಷ್ಟು ಎಂದು ಕೇಳಿ. ಕಾವಲುಗಾರರನ್ನೂ ಪಕ್ಕದ ಅಂಗಡಿಯವರನ್ನೂ ಕೇಳಿ. ಮಾರುವ ಆಸೆ ಇಲ್ಲದವರು ಕೊಡುವ ಉತ್ತರ ನೇರವಾಗಿರುತ್ತದೆ. ಕೊಳಚೆ ನೀರು ಶುದ್ಧೀಕರಣ ಘಟಕ ಇದ್ದರೆ ಅದು ನಡೆಯುತ್ತಿದೆಯೇ ಎಂದು ಮೂಗೇ ಹೇಳುತ್ತದೆ.

ನೀರು ಸಾಲದಿರುವುದು ಒಂದು ಕಷ್ಟವಾದರೆ ನುಗ್ಗುವುದು ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳವರೂ ದೋಣಿ, ಟ್ರ್ಯಾಕ್ಟರ್ ಏರಿ ಹೊರಬರಬೇಕಾಯಿತು; 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕಡೆಯೂ ಅದೇ ಆಯಿತು. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಿದವು. ಕೋಡಿಯ ಹಾದಿಯಲ್ಲಿ ಮನೆ ಎದ್ದರೂ ನೀರಿಗೆ ತನ್ನ ಹಳೆಯ ದಾರಿಯ ನೆನಪು ಹೋಗುವುದಿಲ್ಲ. ಇದನ್ನು ಪರೀಕ್ಷಿಸಲು ಒಳ್ಳೆಯ ಸಾಧನವೆಂದರೆ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್. ಸ್ಥಳದಲ್ಲೇ ನಿಂತು ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ, ಗ್ರಾಮನಕ್ಷೆಯಲ್ಲಿ ಕೆರೆ, ಕಾಲುವೆ, ಗೋಮಾಳ, ಬಂಡಿದಾರಿ ಎಲ್ಲಿದ್ದವು ಎಂಬುದು ಕಾಣುತ್ತದೆ. ಪರಿಷ್ಕೃತ ಮಹಾಯೋಜನೆ 2015ರಲ್ಲಿ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಯ ಗಾತ್ರಕ್ಕೆ ತಕ್ಕಂತೆ ಅದರ ನಡುವಿನಿಂದ 50, 25, 15 ಮೀಟರ್ ಮೀಸಲು ವಲಯ ಎಂದು ಗುರುತಿಸಲಾಗಿತ್ತು. ಈ ಅಂಕಿಗಳ ಸುತ್ತ ನ್ಯಾಯಾಲಯಗಳಲ್ಲಿ ವಾದಗಳು ನಡೆದಿವೆ, ನಿಯಮಗಳೂ ಬದಲಾಗುತ್ತಿರುತ್ತವೆ. ಕಾನೂನು ಎಷ್ಟು ಬಿಡಬೇಕೆನ್ನುತ್ತದೋ ಅದಕ್ಕಿಂತ ದೂರದಲ್ಲೇ, ಸುತ್ತಲಿಗಿಂತ ಎತ್ತರದ ನೆಲದಲ್ಲೇ ಮನೆ ಹುಡುಕಿ. ಬೆಲೆ ಇಳಿದಿರುವ ಕಾಲದಲ್ಲಿ ಎತ್ತರದ ಜಾಗಕ್ಕೆ ಹೆಚ್ಚು ಕೊಡಬೇಕಾಗಿ ಬರುವುದಿಲ್ಲ, ಇದು ಖರೀದಿದಾರರಿಗೆ ಸಿಗುವ ನಿಜವಾದ ರಿಯಾಯಿತಿ.

ಐದನೆಯ ಹೆಜ್ಜೆ: ಬಡಾವಣೆಯ ಕಾಗದ

ಮನೆಯ ಕಾಗದವನ್ನು ವಕೀಲರು ನೋಡುತ್ತಾರೆ. ಬಡಾವಣೆಯ ಕಾಗದವನ್ನು ಅದಕ್ಕೂ ಮೊದಲು ನೀವೇ ನೋಡಿದರೆ ಎಷ್ಟೋ ಓಡಾಟ ಉಳಿಯುತ್ತದೆ. ಜಾಗ ಯಾರ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲು ತಿಳಿಯಿರಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳಿವೆ. ಅದರಾಚೆ ಆನೇಕಲ್, ಹೊಸಕೋಟೆ, ನೆಲಮಂಗಲದಂತಹ ಕಡೆ ಬೇರೆ ಬೇರೆ ಯೋಜನಾ ಪ್ರಾಧಿಕಾರಗಳೂ ಪುರಸಭೆ, ಗ್ರಾಮ ಪಂಚಾಯಿತಿಗಳೂ ಇವೆ. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ, ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ ಆಗಿದೆಯೇ, ಪಂಚಾಯಿತಿಯಲ್ಲಾದರೆ ಅಲ್ಲಿನ ಆಸ್ತಿ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇವೆಯೇ, ನಗರದೊಳಗಾದರೆ ಎ ಖಾತಾ (ನಿಯಮಬದ್ಧ ಆಸ್ತಿಗೆ ಪಾಲಿಕೆ ಕೊಡುವ ದಾಖಲೆ) ಇದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಬೇಕು. ಪರಿವರ್ತನೆಯಾಗದ ಜಮೀನಿನಲ್ಲಿ ಕಲ್ಲು ನೆಟ್ಟು ಮಾರುವ ರೆವಿನ್ಯೂ ಸೈಟುಗಳು, ನಿಯಮಬದ್ಧವಲ್ಲದ ಕಾರಣ ಬೇರೆಯಾಗಿ ದಾಖಲಾದ ಬಿ ಖಾತಾ ಆಸ್ತಿಗಳು ಮಾರುಕಟ್ಟೆ ಬಿದ್ದಾಗ ಬಹಳ ಅಗ್ಗವಾಗಿ ಕಾಣುತ್ತವೆ. "ಮುಂದೆ ಸಕ್ರಮ ಆಗುತ್ತೆ" ಎಂಬ ಮಾತಿನ ಮೇಲೆ ಅವನ್ನು ಕೊಳ್ಳಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬ್ಯಾಂಕು ಸಾಲ ಕೊಡಲು ಹಿಂಜರಿಯುವ ಆಸ್ತಿಗೆ ಕಷ್ಟಕಾಲದಲ್ಲಿ ಗಿರಾಕಿಯೂ ಸಿಗುವುದಿಲ್ಲ.

ಸರ್ಕಾರ ಮಂಜೂರು ಮಾಡಿದ ಪರಿಶಿಷ್ಟ ಜಾತಿ, ಪಂಗಡದವರ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ಊರ್ಜಿತವಾಗುವುದಿಲ್ಲ. ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಮೂಲ ಮಂಜೂರಾತಿ ಪತ್ರ, 30 ವರ್ಷದ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ನೋಂದಾಯಿತ ಸಾಲ, ಮಾರಾಟಗಳ ವಿವರ) ಇವನ್ನೆಲ್ಲ ವಕೀಲರ ಕೈಗೆ ಕೊಡಬೇಕು. ನೋಂದಣಿಗೆ ಈಗ ಇ-ಖಾತಾ (ಖಾತೆಯ ಡಿಜಿಟಲ್ ರೂಪ) ಕಡ್ಡಾಯವಾದ್ದರಿಂದ ಮಾರುವವರ ಹೆಸರಿನಲ್ಲಿ ಅದು ಸಿದ್ಧವಿದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿ. ಕಟ್ಟಿ ಮುಗಿದ ಅಪಾರ್ಟ್‌ಮೆಂಟ್ ಆದರೆ ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂದು ಸ್ಥಳೀಯ ಆಡಳಿತ ಕೊಡುವ ಪತ್ರ) ಇರಲೇಬೇಕು. ಅದಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಕಟ್ಟುತ್ತಿರುವ ಯೋಜನೆಯಾದರೆ ರೇರಾ ನೋಂದಣಿ ಇರಬೇಕು, ಮತ್ತು ಮಾರಾಟದ ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವ ಹಕ್ಕು ಬಿಲ್ಡರಿಗಿಲ್ಲ. ಬೇಡಿಕೆ ಕುಗ್ಗಿದಾಗ ಬಿಲ್ಡರುಗಳ ಕೈಯಲ್ಲಿ ಹಣ ಓಡಾಡುವುದಿಲ್ಲ, ಕೆಲಸಗಳು ಅರ್ಧಕ್ಕೆ ನಿಲ್ಲುತ್ತವೆ. ಕಟ್ಟಿ ಮುಗಿದ ಮನೆಯನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ಹಾಗೆ ಮಾಡಿದರೆ ಜಿಎಸ್‌ಟಿಯೂ ಉಳಿಯುತ್ತದೆ.

ಆರನೆಯ ಹೆಜ್ಜೆ: ಬೆಲೆ ಕೇಳುವುದು

ಮಾರುವವರು ಹೇಳುವ ಬೆಲೆ ಅವರ ಆಸೆ. ಇತ್ತೀಚೆಗೆ ಅಲ್ಲಿ ನಿಜವಾಗಿ ಕೈಬದಲಾದ ಎರಡು ಮೂರು ಮನೆಗಳ ಬೆಲೆಯನ್ನು ನಿವಾಸಿಗಳಿಂದಲೂ ಬ್ಯಾಂಕಿನ ಮೌಲ್ಯಮಾಪಕರಿಂದಲೂ ತಿಳಿದುಕೊಳ್ಳಿ. ಎರಡು ಬ್ಯಾಂಕುಗಳಿಂದ ಮೌಲ್ಯಮಾಪನ ಮಾಡಿಸಿದರೆ, ಕಡಿಮೆ ಬಂದದ್ದರಿಂದ ಮಾತು ಆರಂಭಿಸಬಹುದು. ಕೊಡುಗೆಗಳನ್ನು ನಯವಾಗಿ ತಳ್ಳಿಹಾಕಿ, ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಬೆಲೆ ಇಳಿದರೆ ಸಾಲವೂ ಇಳಿಯುತ್ತದೆ.

ಆದರೆ ಇಳಿಯುವ ಮಾರುಕಟ್ಟೆಯಲ್ಲಿ ಅನೇಕರು ಗಮನಿಸದ ತೊಡಕೊಂದಿದೆ. ಮುದ್ರಾಂಕ ಶುಲ್ಕವನ್ನು ಒಪ್ಪಿದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ದರ (ಆ ಜಾಗದ ಆಸ್ತಿಗೆ ಸರ್ಕಾರ ಗೊತ್ತುಮಾಡಿದ ಬೆಲೆ) ಇವೆರಡರಲ್ಲಿ ಹೆಚ್ಚಿನದರ ಮೇಲೆ ಕಟ್ಟಬೇಕು. ಮಾರ್ಗಸೂಚಿ ದರ ಮಾರುಕಟ್ಟೆಯ ಜೊತೆ ತಾನಾಗಿ ಇಳಿಯುವುದಿಲ್ಲ. ಒಪ್ಪಿದ ಬೆಲೆ ಅದಕ್ಕಿಂತ ಬಹಳ ಕಡಿಮೆಯಾಗಿ, ವ್ಯತ್ಯಾಸ ಶೇ 10ನ್ನು ಮೀರಿದರೆ ಆ ವ್ಯತ್ಯಾಸವನ್ನು ಕೊಂಡವರ ಆದಾಯವೆಂದು ಪರಿಗಣಿಸಿ ಆದಾಯ ತೆರಿಗೆ ಹಾಕಬಹುದು. ಚೌಕಾಸಿಗೆ ಕೂರುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಬೀದಿಯ ಮಾರ್ಗಸೂಚಿ ದರ ನೋಡಿಕೊಂಡು, ಎಲ್ಲಿಯವರೆಗೆ ಇಳಿಸುವುದು ಲಾಭ ಎಂದು ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ. 50 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಬೆಲೆಯ ಆಸ್ತಿಗೆ ಕೊಳ್ಳುವವರೇ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕೆಂಬುದೂ ನೆನಪಿರಲಿ.

ಏಳನೆಯ ಹೆಜ್ಜೆ: ಅಲ್ಲೇ ಬಾಡಿಗೆಗೆ ಇದ್ದು ನೋಡಿ

ಶಾಲೆ, ಆಸ್ಪತ್ರೆ, ತರಕಾರಿ ಸಿಗುವ ಸಂತೆ ಇವುಗಳ ಬಗ್ಗೆ ಉದ್ದವಾಗಿ ಬರೆಯಬೇಕಿಲ್ಲ, ಒಮ್ಮೆ ಸುತ್ತಾಡಿದರೆ ತಿಳಿಯುತ್ತದೆ. ತಿಳಿಯದೆ ಉಳಿಯುವುದು ಕಸ ಸುಡುವ ಹೊಗೆ, ರಾತ್ರಿ ಲಾರಿಗಳ ಸದ್ದು, ಮಧ್ಯಾಹ್ನದ ವಿದ್ಯುತ್ ಕಡಿತ, ಹತ್ತು ನಿಮಿಷದ ಮಳೆಗೆ ಕೆಸರಾಗುವ ಅಡ್ಡರಸ್ತೆ, ವಯಸ್ಸಾದ ತಂದೆತಾಯಿಗೆ ಸಂಜೆ ನಡೆಯಲು ಜಾಗವಿದೆಯೇ ಎಂಬಂತಹ ಸಂಗತಿಗಳು. ಇವನ್ನು ಅರಿಯಲು ಬೇಡಿಕೆ ಕುಗ್ಗಿದ ಕಾಲಕ್ಕಿಂತ ಒಳ್ಳೆಯ ಕಾಲವಿಲ್ಲ, ಏಕೆಂದರೆ ಈಗ ಕಾದರೆ ಬೆಲೆ ಕೈಮೀರಿ ಹೋಗುವ ಭಯವಿಲ್ಲ. ಎರಡು ಬಡಾವಣೆಗಳು ಕೊನೆಯ ಪಟ್ಟಿಯಲ್ಲಿ ಉಳಿದಾಗ, ಹೆಚ್ಚು ಇಷ್ಟವಾದದ್ದರಲ್ಲಿ, ಸಾಧ್ಯವಾದರೆ ಕೊಳ್ಳಬೇಕೆಂದಿರುವ ಅದೇ ಕಟ್ಟಡದಲ್ಲಿ, ಹನ್ನೊಂದು ತಿಂಗಳ ಕರಾರಿಗೆ ಒಂದು ಮನೆ ಹಿಡಿಯಿರಿ. ಖಾಲಿ ಮನೆಗಳು ಹೆಚ್ಚಿರುವಾಗ ಅಡ್ವಾನ್ಸ್ ಮೊತ್ತವನ್ನೂ ಬಾಡಿಗೆಯನ್ನೂ ಮಾತಾಡಿ ಇಳಿಸಿಕೊಳ್ಳಬಹುದು. ಜನವರಿಯಲ್ಲಿ ಮನೆ ಸೇರಿದರೆ ಕರಾರು ಮುಗಿಯುವಷ್ಟರಲ್ಲಿ ಏಪ್ರಿಲ್‌ನ ನೀರಿನ ಬರವನ್ನೂ ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯನ್ನೂ ಮನೆಯೊಳಗಿನಿಂದಲೇ ನೋಡಿರುತ್ತೀರಿ, ಮೇಲಿನ ಮಹಡಿಯಲ್ಲಿ ಯಾವ ಮನೆ ಮಾರಾಟಕ್ಕಿದೆ, ಅದರ ಒಡೆಯರಿಗೆ ಹಣದ ತುರ್ತು ಎಷ್ಟಿದೆ ಎಂಬುದೂ ಅಷ್ಟರಲ್ಲಿ ಗೊತ್ತಾಗಿರುತ್ತದೆ.